ಜುಲೈಯಲ್ಲಿ ಕಾಣದ ಓರ್ಕಾ ನವೆಂಬರಿನಲ್ಲಿ ಕಂಡದ್ದೇಕೆ?

ಪ್ರಶ್ನೆ: ನಾವು ಅಮೆರಿಕದ ಸಿಯಾಟಲ್ ಸಮೀಪದ ರೆಡ್ಮಂಡ್‌ನಲ್ಲಿ ನೆಲೆಸಿದ್ದೇವೆ. ಕಳೆದ ಜುಲೈಯಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನಿಗೆ ಓರ್ಕಾ, ಅಂದರೆ 'ಕಿಲ್ಲರ್ ವೇಲ್' ಎಂದು ಕರೆಯುವ ಕಪ್ಪುಬಿಳುಪಿನ ದೊಡ್ಡ ಕಡಲ ಸಸ್ತನಿಯನ್ನು ತೋರಿಸಬೇಕೆಂದು ಸ್ಯಾನ್ ಹುವಾನ್ ದ್ವೀಪದ ಲೈಮ್ ಕಿಲ್ನ್ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ಬೇಸಿಗೆಯೇ ಸರಿಯಾದ ಕಾಲ ಎಂದು ಪ್ರವಾಸಿ ಕೈಪಿಡಿಗಳೆಲ್ಲ ಹೇಳಿದ್ದರೂ ಇಡೀ ದಿನ ಕಾದು ಬರಿಗೈಯಲ್ಲಿ ಹಿಂದಿರುಗಿದೆವು. ಅವರು ಊರಿಗೆ ಮರಳಿದ ಮೇಲೆ, ನವೆಂಬರಿನ ಒಂದು ಮಧ್ಯಾಹ್ನ ವ್ಯಾಶನ್ ದ್ವೀಪದ ಫೆರಿಯಲ್ಲಿ ಹೋಗುತ್ತಿದ್ದಾಗ ಹತ್ತಕ್ಕೂ ಹೆಚ್ಚು ಓರ್ಕಾಗಳ ಗುಂಪು ತಾನಾಗಿಯೇ ಕಣ್ಣಿಗೆ ಬಿತ್ತು. ಹಾಗಾದರೆ ಇವುಗಳ ನಿಜವಾದ ಋತು ಯಾವುದು? ದೋಣಿಯಲ್ಲಿ ಹೋಗಿ ನೋಡುವುದು ಸರಿಯೇ? ನಮ್ಮ ಕರ್ನಾಟಕದ ಕಡಲಿಗೂ ಇವು ಬರುತ್ತವೆಯೇ ಎಂದು ಅಪ್ಪ ಕೇಳುತ್ತಿದ್ದಾರೆ. ಅವರು ಮತ್ತೆ ಬರುವವರಿದ್ದಾರೆ, ಈ ಸಲ ಯಾವಾಗ ಹೋಗಬೇಕು?

ಉತ್ತರ: ನಿಮಗಾದ ಎರಡೂ ಅನುಭವಗಳು ಆಕಸ್ಮಿಕವಲ್ಲ. ಪ್ಯೂಜೆಟ್ ಸೌಂಡ್, ಹುವಾನ್ ಡಿ ಫ್ಯೂಕಾ ಜಲಸಂಧಿ, ಕೆನಡಾಕ್ಕೆ ಸೇರಿದ ಜಾರ್ಜಿಯಾ ಜಲಸಂಧಿ ಇವೆಲ್ಲವನ್ನೂ ಒಟ್ಟಿಗೆ ಸೇಲಿಶ್ ಸಮುದ್ರ ಎಂದು ಕರೆಯುತ್ತಾರೆ. ಈ ಒಳನಾಡು ಕಡಲಿನಲ್ಲಿ ಓರ್ಕಾಗಳು ಕಾಣುವ ಕಾಲವು ಕಳೆದ ಇಪ್ಪತ್ತು ವರ್ಷಗಳಲ್ಲಿ ಬಹಳಷ್ಟು ಬದಲಾಗಿದೆ. ನೀವು ಓದಿದ ಕೈಪಿಡಿಗಳು ಹೇಳುವ ಬೇಸಿಗೆಯ ಲೆಕ್ಕ ಎಂಬತ್ತು ತೊಂಬತ್ತರ ದಶಕಗಳಲ್ಲಿ ಅಕ್ಷರಶಃ ನಿಜವಾಗಿತ್ತು. ಇಂದು ಅದು ಅರ್ಧ ಮಾತ್ರ ನಿಜ. ಓರ್ಕಾ ಯಾವ ತಿಂಗಳು ಬರುತ್ತದೆ ಎಂದು ಕೇಳುವ ಮೊದಲು ಯಾವ ಓರ್ಕಾ, ಅದು ಏನನ್ನು ತಿನ್ನುತ್ತದೆ, ಆ ಆಹಾರ ಈಗ ಎಲ್ಲಿದೆ ಎಂದು ಕೇಳಿಕೊಂಡರೆ ಉತ್ತರ ಬಹುಮಟ್ಟಿಗೆ ತಾನಾಗಿ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದು ಬಂಗುಡೆ, ಬೂತಾಯಿ ದಡದ ಹತ್ತಿರ ಬಂದಾಗ ಅವುಗಳ ಹಿಂದೆಯೇ ಹಕ್ಕಿಗಳೂ ಡಾಲ್ಫಿನ್‌ಗಳೂ ಬರುವುದನ್ನು ಮೀನುಗಾರರು ಬಲ್ಲರು. ಇಲ್ಲಿಯ ಲೆಕ್ಕವೂ ಅದೇ ಬಗೆಯದು.

ಈ ಕಡಲಿನಲ್ಲಿ ಸಾಮಾನ್ಯವಾಗಿ ಕಾಣುವ ಓರ್ಕಾಗಳಲ್ಲಿ ಎರಡು ಬಗೆಗಳಿವೆ. ಒಂದು, ಮೀನನ್ನೇ ನೆಚ್ಚಿರುವ 'ದಕ್ಷಿಣದ ನಿವಾಸಿ' ಓರ್ಕಾಗಳು. ಜೆ, ಕೆ ಮತ್ತು ಎಲ್ ಎಂಬ ಮೂರು ಗುಂಪುಗಳಲ್ಲಿ ಇವು ಬಾಳುತ್ತವೆ. ಇನ್ನೊಂದು, ಸೀಲ್, ಕಡಲಸಿಂಹ, ಡಾಲ್ಫಿನ್ ಹೋಲುವ ಪೋರ್ಪಾಯ್ಸ್ ಮುಂತಾದ ಕಡಲ ಸಸ್ತನಿಗಳನ್ನು ಬೇಟೆಯಾಡುವ 'ಬಿಗ್ಸ್' ಓರ್ಕಾಗಳು. ಇವುಗಳಿಗೆ ಹಿಂದೆ 'ಅಲೆಮಾರಿ'ಗಳೆಂಬ ಹೆಸರಿತ್ತು. ಕೆನಡಾದ ಮೈಕಲ್ ಬಿಗ್ ಎಂಬ ವಿಜ್ಞಾನಿ ಎಪ್ಪತ್ತರ ದಶಕದ ಆರಂಭದಲ್ಲಿ, ಬೆನ್ನಿನ ರೆಕ್ಕೆಯ ಆಕಾರ, ಅದರ ಅಂಚಿನ ಕಚ್ಚುಗಳು ಮತ್ತು ರೆಕ್ಕೆಯ ಹಿಂದಿರುವ ಬೂದು ಮಚ್ಚೆ ಇವುಗಳ ಛಾಯಾಚಿತ್ರದಿಂದಲೇ ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗುರುತಿಸಬಹುದೆಂದು ತೋರಿಸಿಕೊಟ್ಟರು. ಆ ವಿಧಾನದಿಂದಲೇ ಈ ಎರಡು ಬಗೆಗಳ ನಡುವಿನ ಅಂತರವೂ ಬೆಳಕಿಗೆ ಬಂತು. ಒಂದೇ ನೀರಿನಲ್ಲಿ ಸುಳಿದಾಡಿದರೂ ಇವು ಪರಸ್ಪರ ಬೆರೆಯುವುದಿಲ್ಲ, ಸಂತಾನಕ್ಕಾಗಿ ಕೂಡುವುದಿಲ್ಲ, ಒಂದರ ಕೂಗು ಇನ್ನೊಂದರದ್ದಲ್ಲ. ಲಕ್ಷಾಂತರ ವರ್ಷಗಳಿಂದ ಇವುಗಳ ವಂಶಗಳು ಬೇರೆಬೇರೆಯಾಗಿ ಸಾಗಿಬಂದಿವೆ. ಇವನ್ನು ಎರಡು ಪ್ರತ್ಯೇಕ ಪ್ರಭೇದಗಳೆಂದೇ ಪರಿಗಣಿಸಬೇಕೆಂದು 2024ರಲ್ಲಿ ವಿಜ್ಞಾನಿಗಳ ತಂಡವೊಂದು ಪ್ರಸ್ತಾಪಿಸಿತು. ವರ್ಗೀಕರಣದ ಈ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ನೋಡಲು ಹೊರಟವರಿಗೆ ಮುಖ್ಯವಾದದ್ದು ಇಷ್ಟು: ಇವೆರಡರ ಪಂಚಾಂಗ ಬೇರೆ ಬೇರೆ.

ಮೊದಲು ಮೀನು ತಿನ್ನುವವುಗಳ ವಿಷಯ ಹೇಳುತ್ತೇನೆ, ಏಕೆಂದರೆ ಲೈಮ್ ಕಿಲ್ನ್‌ಗೆ ಹೆಸರು ಬಂದದ್ದು ಅವುಗಳಿಂದ. ಇವುಗಳ ಮುಖ್ಯ ಆಹಾರ ಚಿನೂಕ್ ಎಂಬ ಜಾತಿಯ ಸಾಲ್ಮನ್. ಬೇಸಿಗೆಯಲ್ಲಿ ಈ ಕಡಲಿನಲ್ಲಿ ಸಾಕೈ ಎಂಬ ಸಾಲ್ಮನ್ ಚಿನೂಕ್‌ಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಹರಿದುಬರುತ್ತದೆ, ಆದರೂ ಓರ್ಕಾಗಳು ಅದನ್ನು ಬಿಟ್ಟು ಚಿನೂಕನ್ನೇ ಅರಸುತ್ತವೆ. ಚಿನೂಕ್ ಗಾತ್ರದಲ್ಲಿ ದೊಡ್ಡದು, ಕೊಬ್ಬಿನಲ್ಲಿ ಸಮೃದ್ಧ, ಒಂದನ್ನು ಹಿಡಿದರೂ ಪಟ್ಟ ಶ್ರಮಕ್ಕೆ ತಕ್ಕ ಫಲ ಸಿಗುತ್ತದೆ. ಬೆಳೆದ ಓರ್ಕಾ ಒಂದಕ್ಕೆ ದಿನಕ್ಕೆ ಸುಮಾರು 18ರಿಂದ 25 ಚಿನೂಕ್ ಬೇಕಾಗುತ್ತವೆ ಎಂಬ ಅಂದಾಜಿದೆ. ಮೊಟ್ಟೆಯಿಡಲು ಕೆನಡಾದ ಫ್ರೇಸರ್ ನದಿಗೆ ಮರಳುವ ಚಿನೂಕ್‌ಗಳು ತೆರೆದ ಶಾಂತಸಾಗರದಿಂದ ಹುವಾನ್ ಡಿ ಫ್ಯೂಕಾ ಜಲಸಂಧಿಯ ಮೂಲಕ ಒಳಬಂದು, ಸ್ಯಾನ್ ಹುವಾನ್ ದ್ವೀಪದ ಪಶ್ಚಿಮ ದಡವನ್ನು ಸವರಿಕೊಂಡು ಹ್ಯಾರೋ ಜಲಸಂಧಿಯಲ್ಲಿ ಉತ್ತರಕ್ಕೆ ಸಾಗುತ್ತವೆ. ಆ ದಡದಲ್ಲಿ ಬಂಡೆಗಳು ನೇರವಾಗಿ ಆಳಕ್ಕೆ ಇಳಿಯುವುದರಿಂದ ಮೀನುಗಳೂ ಅವುಗಳ ಬೆನ್ನುಹತ್ತಿದ ಓರ್ಕಾಗಳೂ ಲೈಮ್ ಕಿಲ್ನ್‌ನ ದೀಪಸ್ತಂಭದ ಬುಡದಲ್ಲೇ ಹಾದುಹೋಗುತ್ತಿದ್ದವು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಹುಪಾಲು ದಿನಗಳಲ್ಲಿ ಇವುಗಳನ್ನು ಅಲ್ಲಿಂದ ಕಾಣಬಹುದಾಗಿದ್ದ ಕಾಲವೊಂದಿತ್ತು.

ಯಾವ ಮೀನನ್ನು ತಿಂದವು, ಅದು ಯಾವ ನದಿಯದು ಎಂಬಷ್ಟು ನಿಖರವಾಗಿ ಹೇಳುವುದು ಹೇಗೆ ಸಾಧ್ಯ ಎಂದು ನಿಮಗೆ ಅನ್ನಿಸಬಹುದು. ಓರ್ಕಾ ದೊಡ್ಡ ಸಾಲ್ಮನ್ ಹಿಡಿದಾಗ ಅದನ್ನು ಹೆಚ್ಚಾಗಿ ನೀರಿನ ಮೇಲ್ಭಾಗದಲ್ಲಿ ತುಂಡರಿಸಿ ತನ್ನ ಬಳಗದವರೊಡನೆ ಹಂಚಿಕೊಳ್ಳುತ್ತದೆ. ಆಗ ಹೊಳೆಯುವ ಹುರುಪೆಗಳೂ ಮಾಂಸದ ಚೂರುಗಳೂ ನೀರಿನಲ್ಲಿ ಉಳಿಯುತ್ತವೆ. ಪರವಾನಗಿ ಪಡೆದ ಸಂಶೋಧಕರು ಸಾಕಷ್ಟು ಹಿಂದೆ ಉಳಿದು, ಓರ್ಕಾಗಳು ಮುಂದೆ ಸಾಗಿದ ಮೇಲೆ ಆ ಜಾಗಕ್ಕೆ ಹೋಗಿ, ಉದ್ದ ಹಿಡಿಯ ಸಣ್ಣಕಣ್ಣಿನ ಬಲೆಯಿಂದ ಅವನ್ನು ಎತ್ತಿಕೊಳ್ಳುತ್ತಾರೆ. ಹುರುಪೆಯ ಡಿಎನ್‌ಎ ಆ ಮೀನಿನ ಜಾತಿಯನ್ನಷ್ಟೇ ಅಲ್ಲ, ಅದು ಹುಟ್ಟಿದ ನದಿಯನ್ನೂ ತಿಳಿಸುತ್ತದೆ. ಹೀಗೆ ಬೇಸಿಗೆಯಲ್ಲಿ ಸಂಗ್ರಹಿಸಿದ ಚಿನೂಕ್ ಮಾದರಿಗಳಲ್ಲಿ ಶೇ 80ರಿಂದ 90ರಷ್ಟು ಫ್ರೇಸರ್ ನದಿಯ ಮೀನುಗಳೇ ಆಗಿದ್ದವು. ಓರ್ಕಾಗಳ ಮಲವನ್ನು ಹುಡುಕುವ ಕೆಲಸವೂ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರ ದೋಣಿಯಲ್ಲಿ ಟಕರ್ ಎಂಬ ಕಪ್ಪು ನಾಯಿಯೊಂದಿತ್ತು; ಗಾಳಿಯಲ್ಲಿ ವಾಸನೆ ಸಿಕ್ಕಿದ ಕೂಡಲೇ ಅದು ಮುಂದಣ ಅಂಚಿಗೆ ಬಂದು ಆ ದಿಕ್ಕಿಗೆ ಬಾಗುತ್ತಿತ್ತು, ಚಾಲಕರು ಅದರ ಮೂಗು ತೋರಿದತ್ತ ದೋಣಿ ತಿರುಗಿಸುತ್ತಿದ್ದರು. ಆ ಮಲದಲ್ಲಿರುವ ಹಾರ್ಮೋನುಗಳಿಂದ ಪ್ರಾಣಿ ಹಸಿದಿದೆಯೇ, ಗರ್ಭ ಧರಿಸಿದೆಯೇ ಎಂಬುದನ್ನು ಅದರ ಮೈ ಮುಟ್ಟದೆಯೇ ತಿಳಿಯಬಹುದು. ಬಸಿರಾದವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಗರ್ಭಗಳು ಫಲಿಸದೆ ಹೋಗುತ್ತಿವೆ ಎಂಬ ಸಂಕಟದ ಸಂಗತಿ ಗೊತ್ತಾದದ್ದು ಈ ಕೆಲಸದಿಂದಲೇ.

ನೀವು ಜುಲೈಯಲ್ಲಿ ಕಂಡ ಖಾಲಿ ಕಡಲಿಗೆ ಕಾರಣವೂ ಇಲ್ಲೇ ಇದೆ. ಫ್ರೇಸರ್ ನದಿಗೆ ವಸಂತದಲ್ಲಿಯೂ ಬೇಸಿಗೆಯ ಆರಂಭದಲ್ಲಿಯೂ ಮರಳುತ್ತಿದ್ದ ಚಿನೂಕ್ ತಂಡಗಳು ತೀವ್ರವಾಗಿ ಕುಸಿದಿವೆ. ಉಳಿದ ಚಿನೂಕ್‌ಗಳ ಸರಾಸರಿ ಗಾತ್ರವೂ ಹಿಂದಿಗಿಂತ ಚಿಕ್ಕದಾಗಿದೆ. ಒಳಗಡಲಿಗೆ ಬಂದರೆ ಹೊಟ್ಟೆ ತುಂಬುವ ಭರವಸೆಯಿಲ್ಲವೆಂದ ಮೇಲೆ ಓರ್ಕಾಗಳು ಹೊರಗಿನ ತೆರೆದ ಕರಾವಳಿಯಲ್ಲೇ ಹೆಚ್ಚು ಕಾಲ ಕಳೆಯುತ್ತವೆ. 2021ರಲ್ಲಿ, ಒಳಗಡಲಿಗೆ ಅತ್ಯಂತ ನಿಷ್ಠವಾಗಿದ್ದ ಜೆ ಗುಂಪು ಕೂಡ ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ ಮೂರು ತಿಂಗಳಿಗೂ ಮಿಕ್ಕಿ ಇಲ್ಲಿ ಸುಳಿಯಲಿಲ್ಲ. ಈಗಲೂ ಬೇಸಿಗೆಯಲ್ಲಿ ಇವು ಬರುವುದುಂಟು, ಆದರೆ ಕೆಲವು ದಿನಗಳ ಮಟ್ಟಿಗೆ ಬಂದು, ನೋಡಿಕೊಂಡು, ಹಿಂದಕ್ಕೆ ಹೋಗಿಬಿಡುತ್ತವೆ. ಇಡೀ ದಿನ ಕಾದವರಿಗೆ ಕಾಣದಿರುವುದೇ ಹೆಚ್ಚು ಸಂಭಾವ್ಯ.

ಈ ಸಮುದಾಯ ಎಷ್ಟು ಚಿಕ್ಕದು ಎಂಬುದನ್ನು ತಿಳಿದರೆ ವಿಷಯದ ಗಂಭೀರತೆ ಅರ್ಥವಾಗುತ್ತದೆ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಕಡಲ ಪ್ರದರ್ಶನಾಲಯಗಳಿಗಾಗಿ ಇವುಗಳ ಮರಿಗಳನ್ನು ಬಲೆಯಲ್ಲಿ ಸೆರೆಹಿಡಿದು ಒಯ್ದರು. 1970ರ ಆಗಸ್ಟ್‌ನಲ್ಲಿ ವಿಡ್‌ಬಿ ದ್ವೀಪದ ಪೆನ್ ಕೋವ್‌ನಲ್ಲಿ ನಡೆದ ಸೆರೆ ಅವುಗಳಲ್ಲೆಲ್ಲ ಕುಖ್ಯಾತವಾದದ್ದು. ಅಲ್ಲಿ ಸಿಕ್ಕಿ ಮಯಾಮಿಯ ತೊಟ್ಟಿಗೆ ಸೇರಿದ ಟೋಕಿಟೇ ಎಂಬ ಓರ್ಕಾ, ತನ್ನ ಕಡಲಿಗೆ ಮರಳುವ ಮಾತುಕತೆ ನಡೆಯುತ್ತಿದ್ದಾಗಲೇ 2023ರ ಆಗಸ್ಟ್‌ನಲ್ಲಿ ತೀರಿಕೊಂಡಿತು. ಒಂದು ಪೀಳಿಗೆಯ ಮರಿಗಳನ್ನು ಕಳೆದುಕೊಂಡ ಸಮುದಾಯವನ್ನು 1976ರಿಂದ ಕೆನ್ ಬಾಲ್ಕಂಬ್ ಅವರು ವರ್ಷವರ್ಷವೂ ಎಣಿಸತೊಡಗಿದರು. ಅವರು ಸ್ಥಾಪಿಸಿದ ತಿಮಿಂಗಿಲ ಸಂಶೋಧನಾ ಕೇಂದ್ರ ಈಗಲೂ ಆ ಎಣಿಕೆಯನ್ನು ಮುಂದುವರಿಸಿದೆ. 1995ರಲ್ಲಿ 98ಕ್ಕೆ ಏರಿದ್ದ ಸಂಖ್ಯೆ 2024ರ ಎಣಿಕೆಯಲ್ಲಿ 73ಕ್ಕೆ ಇಳಿದಿತ್ತು. 2005ರಲ್ಲಿಯೇ ಅಮೆರಿಕ ಇವುಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಆಹಾರದ ಕೊರತೆ, ಹಡಗುಗಳ ಸದ್ದು, ಕೊಬ್ಬಿನಲ್ಲಿ ಸಂಗ್ರಹವಾಗುವ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದಂತಹ ವಿಷಗಳು ಈ ಮೂರೂ ಒಂದನ್ನೊಂದು ಹೆಚ್ಚಿಸುತ್ತವೆ. ಹೊಟ್ಟೆ ತುಂಬದ ಓರ್ಕಾ ತನ್ನ ಕೊಬ್ಬನ್ನು ಕರಗಿಸಿಕೊಂಡಾಗ ಅಲ್ಲಿ ಅಡಗಿದ್ದ ವಿಷ ರಕ್ತಕ್ಕೂ, ತಾಯಿಯಾಗಿದ್ದರೆ ಹಾಲಿಗೂ ಇಳಿಯುತ್ತದೆ. 2018ರಲ್ಲಿ ಜೆ35 ಎಂಬ ತಾಯಿ ಓರ್ಕಾ ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತ ಮರಿಯನ್ನು 17 ದಿನ ತಲೆಯ ಮೇಲೆ ಹೊತ್ತು ಈಜಿದ ಸುದ್ದಿಯನ್ನು ನೀವು ಓದಿರಬಹುದು. 2025ರ ಆರಂಭದಲ್ಲಿ ಅದೇ ತಾಯಿ ಇನ್ನೊಂದು ಮರಿಯನ್ನು ಕಳೆದುಕೊಂಡು ಮತ್ತೆ ಹಾಗೆಯೇ ಹೊತ್ತು ತಿರುಗಿತು. ಇದನ್ನು ಬರೆಯುವಾಗಲೂ ನನಗೆ ಮನಸ್ಸು ಭಾರವಾಗುತ್ತದೆ. ಓರ್ಕಾ ನೋಡುವ ಋತುವಿನ ಪ್ರಶ್ನೆಯನ್ನು ಸಾಲ್ಮನ್ ನದಿಗಳ ಪ್ರಶ್ನೆಯಿಂದ ಬೇರ್ಪಡಿಸಿ ಉತ್ತರಿಸಲು ಆಗುವುದಿಲ್ಲ.

ಇನ್ನು ನಿಮ್ಮ ನವೆಂಬರಿನ ಗುಂಪು. ಶರತ್ಕಾಲ ಬಂದು ಮಳೆ ಹಿಡಿದು ಹಳ್ಳಗಳಲ್ಲಿ ನೀರು ಏರಿದಾಗ, ಪ್ಯೂಜೆಟ್ ಸೌಂಡ್‌ಗೆ ಚಮ್ ಎಂಬ ಸಾಲ್ಮನ್ ಮರಳುತ್ತದೆ. ಚಿನೂಕ್ ಸಾಲದಾದ ಆ ದಿನಗಳಲ್ಲಿ ದಕ್ಷಿಣದ ನಿವಾಸಿಗಳು, ಮುಖ್ಯವಾಗಿ ಜೆ ಮತ್ತು ಕೆ ಗುಂಪುಗಳು, ಚಮ್ ಮತ್ತು ಕೋಹೊ ಸಾಲ್ಮನ್‌ಗಳ ಜಾಡು ಹಿಡಿದು ದಕ್ಷಿಣಕ್ಕೆ, ಸಿಯಾಟಲ್ ನಗರದ ಮುಂದೆಯೇ ಹಾದು, ವ್ಯಾಶನ್ ದ್ವೀಪದ ಆಚೀಚೆ ಟಕೋಮಾದವರೆಗೂ ಬರುತ್ತವೆ. ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗೆ ಈ ಓಡಾಟ ನಡೆಯುತ್ತದೆ. ಒಂದು ದಿನ ಬಂದು, ಎರಡು ಮೂರು ದಿನ ಉತ್ತರಕ್ಕೆ ಹೋಗಿ, ಮತ್ತೆ ಬರುವುದೂ ಉಂಟು. ಹತ್ತಕ್ಕೂ ಹೆಚ್ಚು ಪ್ರಾಣಿಗಳಿದ್ದವು ಎಂದು ನೀವು ಹೇಳುತ್ತಿರುವುದು, ಆ ಸ್ಥಳ ಮತ್ತು ಆ ತಿಂಗಳು ಇವನ್ನೆಲ್ಲ ಒಟ್ಟಿಗೆ ನೋಡಿದರೆ ನೀವು ಕಂಡದ್ದು ಮೀನು ತಿನ್ನುವ ಗುಂಪಾಗಿರುವ ಸಾಧ್ಯತೆ ಹೆಚ್ಚು. ಅದೇ ವಾರಗಳಲ್ಲಿ ಸಿಯಾಟಲ್‌ನ ಕಾರ್ಕೀಕ್ ಉದ್ಯಾನದ ಪೈಪರ್ಸ್ ತೊರೆಯ ದಡದಲ್ಲಿ ನಿಂತರೆ, ಮೊಣಕಾಲು ಮುಳುಗದ ನೀರಿನಲ್ಲಿ ಮೈಮೇಲೆ ನೇರಳೆ ಪಟ್ಟೆಗಳಿರುವ ಚಮ್‌ಗಳು ಬಾಲದಿಂದ ಜಲ್ಲಿಕಲ್ಲು ಕೆದಕಿ ಮೊಟ್ಟೆಯಿಡಲು ಕುಳಿ ತೋಡುವುದನ್ನು ಕೈಗೆಟಕುವ ದೂರದಿಂದ ನೋಡಬಹುದು. ಫೆರಿಯಿಂದ ಓರ್ಕಾ ಕಂಡವರು ಈ ತೊರೆಯನ್ನೂ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಓರ್ಕಾ ಆ ದಿನ ಅಲ್ಲಿಗೆ ಏಕೆ ಬಂತೆಂಬುದು ಅಲ್ಲಿ ಕಣ್ಣೆದುರೇ ಇರುತ್ತದೆ.

ಚಳಿಗಾಲ ಬಲಿತಾಗ ಕೆ ಮತ್ತು ಎಲ್ ಗುಂಪುಗಳು ಹೊರಗಡಲಿಗೆ ಹೋಗಿ ಕೊಲಂಬಿಯಾ ನದಿಯ ಮುಖ, ಇನ್ನೂ ದಕ್ಷಿಣಕ್ಕೆ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯವರೆಗೂ ಸಂಚರಿಸುತ್ತವೆ. ಜೆ ಗುಂಪು ಮಾತ್ರ ಆಗಾಗ ಒಳಗೆ ಬರುತ್ತಿರುತ್ತದೆ.

ಸಸ್ತನಿ ಬೇಟೆಯಾಡುವ ಬಿಗ್ಸ್ ಓರ್ಕಾಗಳ ಕಥೆ ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ಸಾಗಿದೆ. ವಾಷಿಂಗ್ಟನ್ ರಾಜ್ಯದಲ್ಲಿ ಸೀಲ್‌ಗಳನ್ನು ಕೊಂದವರಿಗೆ 1960ರವರೆಗೂ ಸರ್ಕಾರವೇ ಬಹುಮಾನ ಕೊಡುತ್ತಿತ್ತು, ಹೀಗಾಗಿ ಅವು ವಿರಳವಾಗಿದ್ದವು. 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆಯ ನಂತರ ಸೀಲ್‌ಗಳೂ ಕಡಲಸಿಂಹಗಳೂ ಮತ್ತೆ ಹೆಚ್ಚಿದವು, ಅವುಗಳ ಬೆನ್ನಿಗೆ ಬಿಗ್ಸ್ ಓರ್ಕಾಗಳೂ ಹೆಚ್ಚಿದವು. 2005ರಲ್ಲಿ ಆರು ಬಿಗ್ಸ್ ಓರ್ಕಾಗಳು ಹುಡ್ ಕೆನಾಲ್ ಎಂಬ ಕಿರಿದಾದ ಕಡಲತೋಳಿನೊಳಗೆ ಬಂದು ಸೀಲ್‌ಗಳನ್ನು ತಿನ್ನುತ್ತ 172 ದಿನ ಅಲ್ಲೇ ಉಳಿದಾಗ ಅದೊಂದು ದೊಡ್ಡ ಸುದ್ದಿಯಾಗಿತ್ತು. ಇಂದು ಇವು ಪ್ಯೂಜೆಟ್ ಸೌಂಡ್‌ನ ಮೂಲೆಮೂಲೆಗಳಲ್ಲಿ, ವರ್ಷದ ಯಾವ ತಿಂಗಳಿನಲ್ಲಾದರೂ ಕಾಣಸಿಗುತ್ತವೆ. ಈಗ ಸೇಲಿಶ್ ಸಮುದ್ರದಲ್ಲಿ ವರದಿಯಾಗುವ ಓರ್ಕಾಗಳಲ್ಲಿ ಹೆಚ್ಚಿನವು ಬಿಗ್ಸ್ ಬಗೆಯವೇ. ಇವುಗಳಿಗೂ ಒಂದು ಏರುಕಾಲವಿದೆ. ಒಳಗಡಲಿನ ಸೀಲ್‌ಗಳು ಬೇಸಿಗೆಯಲ್ಲಿ ಮರಿ ಹಾಕುತ್ತವೆ. ಹಾಲು ಬಿಟ್ಟ ಅನನುಭವಿ ಮರಿಗಳು ನೀರಿಗಿಳಿಯುವ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬಿಗ್ಸ್ ಗುಂಪುಗಳು ಹೆಚ್ಚಾಗಿ ಇಲ್ಲಿ ಸೇರುತ್ತವೆ.

ಆದರೆ ಇವುಗಳನ್ನು ದಡದಲ್ಲಿ ನಿಂತು ಕಾಯುವುದು ಕಷ್ಟ. ಮೀನು ತಿನ್ನುವವು ಬಾಯಿತುಂಬ ಮಾತಾಡುವ ಪ್ರಾಣಿಗಳು, ಪ್ರತಿ ಗುಂಪಿಗೂ ತನ್ನದೇ ಆದ ಕೂಗಿನ ಬಳಕೆಯಿದೆ. ಸಾಲ್ಮನ್‌ಗೆ ಆ ಸದ್ದು ಚೆನ್ನಾಗಿ ಕೇಳದು. ಸೀಲ್‌ಗಳ ಕಿವಿಯಾದರೋ ಬಹಳ ಚುರುಕು. ಸ್ಥಳೀಯ ಮೀನುಭಕ್ಷಕ ಓರ್ಕಾಗಳ ಕೂಗನ್ನು ನೀರಿನಡಿ ಕೇಳಿಸಿದಾಗ ಸೀಲ್‌ಗಳು ಲಕ್ಷ್ಯವನ್ನೇ ಕೊಡದೆ, ಬಿಗ್ಸ್ ಕೂಗು ಕೇಳಿಸಿದಾಗ ತಕ್ಷಣ ಜಾಗ ಬಿಟ್ಟದ್ದನ್ನು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಬಿಗ್ಸ್ ಓರ್ಕಾಗಳು ಬೇಟೆಯ ಹೊತ್ತಿನಲ್ಲಿ ಬಹುತೇಕ ಮೌನವಾಗಿರುತ್ತವೆ, ಮೂರರಿಂದ ಆರರಷ್ಟು ಚಿಕ್ಕ ಗುಂಪಿನಲ್ಲಿ ದಡದ ಅಂಚು ಹಿಡಿದು ಸಾಗುತ್ತವೆ, ಮುಳುಗಿದರೆ ಐದಾರು ನಿಮಿಷ ಮೇಲೆ ಬರುವುದಿಲ್ಲ, ಬಂದಾಗಲೂ ನೀವು ನಿರೀಕ್ಷಿಸಿದ ಕಡೆಯಲ್ಲಿರುವುದಿಲ್ಲ. ನೀವು ಲೈಮ್ ಕಿಲ್ನ್‌ನಲ್ಲಿ ಕಾದಿದ್ದ ದಿನ ಅವು ನಾಲ್ಕೈದು ಕಿಲೋಮೀಟರ್ ಆಚೆಯ ಇನ್ನೊಂದು ಕೊಲ್ಲಿಯಲ್ಲಿ ಇದ್ದಿರಲೂಬಹುದು.

ಎರಡನ್ನೂ ಗುರುತಿಸುವುದು ಅಭ್ಯಾಸದಿಂದ ಬರುತ್ತದೆ. ದುರ್ಬೀನು ಹಿಡಿದು ಮೊದಲು ಬೆನ್ನಿನ ರೆಕ್ಕೆಯ ತುದಿಯನ್ನು ನೋಡಿ. ಹೆಣ್ಣುಗಳ ರೆಕ್ಕೆಯ ತುದಿ ದುಂಡಗೆ ಬಾಗಿದ್ದರೆ ಮೀನುಭಕ್ಷಕ, ಮೊನಚಾಗಿ ನಿಂತಿದ್ದರೆ ಬಿಗ್ಸ್ ಎನ್ನಬಹುದು. ಆಮೇಲೆ ರೆಕ್ಕೆಯ ಹಿಂದಿನ ಬೂದು ಮಚ್ಚೆ: ಅದರೊಳಗೆ ಕಪ್ಪು ಬಣ್ಣ ಕೊಕ್ಕೆಯಂತೆ ನುಗ್ಗಿದ್ದರೆ ಅದು ಖಂಡಿತ ಮೀನುಭಕ್ಷಕ, ಏಕೆಂದರೆ ಬಿಗ್ಸ್ ಓರ್ಕಾಗಳ ಮಚ್ಚೆ ಯಾವಾಗಲೂ ಮುಚ್ಚಿಕೊಂಡಂತೆ ಪೂರ್ತಿ ಬೂದಾಗಿರುತ್ತದೆ. ವಯಸ್ಸಿಗೆ ಬಂದ ಗಂಡಿನ ರೆಕ್ಕೆ ನೆಟ್ಟಗೆ 1.8 ಮೀಟರ್‌ವರೆಗೆ, ಅಂದರೆ ಆಳೆತ್ತರಕ್ಕೆ ಬೆಳೆಯುವುದರಿಂದ ಅದನ್ನು ಬರಿಗಣ್ಣಿಗೂ ಗುರುತಿಸಬಹುದು. ಇಲ್ಲಿಯ ಡಾಲ್ಸ್ ಪೋರ್ಪಾಯ್ಸ್ ಎಂಬ ಪುಟ್ಟ ಪ್ರಾಣಿಯೂ ಕಪ್ಪುಬಿಳುಪಾಗಿದ್ದು, ಎಷ್ಟೋ ಜನ ಅದನ್ನೇ ಓರ್ಕಾ ಮರಿಯೆಂದು ತಿಳಿಯುತ್ತಾರೆ. ಅದರ ಉದ್ದ ಎರಡು ಮೀಟರಿನ ಆಸುಪಾಸು, ಓಟ ಮಾತ್ರ ಬಾಣದಂಥದ್ದು.

ದೋಣಿಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ದಕ್ಷಿಣದ ನಿವಾಸಿಗಳನ್ನು ನೋಡಲೆಂದು ದೋಣಿ ಹತ್ತಬಾರದು. ಓರ್ಕಾ ತಾನು ಹೊರಡಿಸಿದ ಸದ್ದಿನ ಪ್ರತಿಧ್ವನಿಯಿಂದಲೇ ಮಬ್ಬು ನೀರಿನಾಳದಲ್ಲಿ ಒಂದು ಸಾಲ್ಮನ್ ಎಲ್ಲಿದೆಯೆಂದು ಕಂಡುಕೊಳ್ಳುತ್ತದೆ. ಎಂಜಿನ್ನಿನ ಗದ್ದಲ ಆ ಪ್ರತಿಧ್ವನಿಯನ್ನು ಮುಚ್ಚಿಹಾಕುತ್ತದೆ. ದೋಣಿಗಳು ಹತ್ತಿರ ಬಂದಾಗ ಇವು, ಅದರಲ್ಲೂ ಹೆಣ್ಣುಗಳು, ಬೇಟೆಯನ್ನೇ ನಿಲ್ಲಿಸುತ್ತವೆ ಎಂಬುದು ಮೈಗೆ ಅಂಟಿಸಿದ ಧ್ವನಿಗ್ರಾಹಕ ಉಪಕರಣಗಳಿಂದ ತಿಳಿದುಬಂದಿದೆ. ಈ ಕಾರಣಕ್ಕಾಗಿಯೇ ವಾಷಿಂಗ್ಟನ್ ರಾಜ್ಯವು 2025ರ ಜನವರಿಯಿಂದ ಎಲ್ಲ ದೋಣಿಗಳೂ ದಕ್ಷಿಣದ ನಿವಾಸಿಗಳಿಂದ 1,000 ಗಜ ದೂರ ಉಳಿಯಬೇಕೆಂದು ಕಾನೂನು ಮಾಡಿದೆ. ಬಾಡಿಗೆ ಕಯಾಕ್‌ಗೂ ಇದು ಅನ್ವಯಿಸುತ್ತದೆ. ಬಿಗ್ಸ್ ಓರ್ಕಾಗಳ ವಿಷಯದಲ್ಲಿ ಕೇಂದ್ರ ನಿಯಮದಂತೆ ಕನಿಷ್ಠ 200 ಗಜ ದೂರವಿರಬೇಕು. ಅವುಗಳ ಸಂಖ್ಯೆ ಏರುತ್ತಿರುವುದರಿಂದ, ನಿಯಮಗಳನ್ನು ಪಾಲಿಸುವ, ಎಂಜಿನ್ ತಗ್ಗಿಸಿ ನಿಲ್ಲುವ, ಒಳ್ಳೆಯ ಪ್ರಕೃತಿತಜ್ಞರಿರುವ ದೊಡ್ಡ ದೋಣಿಯಲ್ಲಿ ಹೋಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಟಿಕೆಟ್ ಕೊಳ್ಳುವ ಮುನ್ನ ನಿವಾಸಿ ಗುಂಪು ಎದುರಾದರೆ ಏನು ಮಾಡುತ್ತೀರಿ ಎಂದು ಕೇಳಿ; ದಾರಿ ಬದಲಿಸಿ ದೂರ ಹೋಗುತ್ತೇವೆ ಎಂದು ತಡವರಿಸದೆ ಹೇಳುವವರ ದೋಣಿಯನ್ನೇ ಹತ್ತಿ.

ನಿಮ್ಮ ತಂದೆತಾಯಿಯರ ಭೇಟಿಯ ಬಗ್ಗೆ ಹೇಳುವುದಾದರೆ, ಅವರು ಸೆಪ್ಟೆಂಬರಿಗೆ ಬಂದು ನವೆಂಬರ್ ಮುಗಿಯುವವರೆಗೆ ಇರುವಂತಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಸೆಪ್ಟೆಂಬರಿನಲ್ಲಿ ನಿಮ್ಮ ಮನೆಯ ಹತ್ತಿರದ ಇಸಾಕ್ವಾ ಮೀನುಮರಿ ಕೇಂದ್ರಕ್ಕೆ ಚಿನೂಕ್‌ಗಳು ಮರಳಿರುತ್ತವೆ, ಓರ್ಕಾಗಳು ಅರಸುವ ಮೀನು ಎಷ್ಟು ದೊಡ್ಡದೆಂದು ಅಲ್ಲಿ ಗಾಜಿನ ಆಚೆ ನೋಡಬಹುದು. ಅದೇ ತಿಂಗಳು ಬಿಗ್ಸ್ ಗುಂಪುಗಳ ಏರುಕಾಲ. ಅಕ್ಟೋಬರ್ ಕೊನೆಯಿಂದ ದಡವೇ ಸಾಕು. ಸಿಯಾಟಲ್‌ನ ಆಲ್ಕಾಯ್ ಮತ್ತು ಲಿಂಕನ್ ಉದ್ಯಾನ, ಮೋರಿ ದ್ವೀಪದ ಪಾಯಿಂಟ್ ರಾಬಿನ್ಸನ್, ಟಕೋಮಾದ ಪಾಯಿಂಟ್ ಡಿಫೈಯನ್ಸ್ ಇವೆಲ್ಲ ಹಿರಿಯರು ಹೆಚ್ಚು ನಡೆಯದೆ ಕುಳಿತು ನೋಡಬಹುದಾದ ಜಾಗಗಳು. ಒಂದು ಕಡೆ ಇಡೀ ದಿನ ಕಾಯುವ ಬದಲು, ವಿಡ್‌ಬಿ ದ್ವೀಪದ ಓರ್ಕಾ ನೆಟ್‌ವರ್ಕ್ ಸಂಸ್ಥೆ ಪ್ರಕಟಿಸುವ ದಿನದಿನದ ವರದಿಗಳನ್ನು ಗಮನಿಸಿ, ಗುಂಪು ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ತಿಳಿದು, ಅವು ತಲುಪುವ ಮೊದಲೇ ಮುಂದಿನ ಚಾಚುಭೂಮಿಗೆ ಹೋಗಿ ನಿಲ್ಲಿ. ಗಾಳಿ ಬೀಸದ, ಮೋಡ ಕವಿದ ದಿನ ಬಿಸಿಲಿನ ದಿನಕ್ಕಿಂತ ಒಳ್ಳೆಯದು, ನೀರಿನ ಮೇಲೆ ಝಳಪಿರುವುದಿಲ್ಲ. ಉಸಿರು ಬಿಟ್ಟಾಗ ಏಳುವ ಬಿಳಿಯ ತುಂತುರು ರೆಕ್ಕೆಗಿಂತ ಮೊದಲು ಕಾಣುತ್ತದೆ, ನೀರು ತಣ್ಣಗಿದ್ದು ಸುತ್ತ ನಿಶ್ಶಬ್ದವಾಗಿದ್ದರೆ ಆ ಉಸಿರಿನ ಸದ್ದು ಒಂದು ಕಿಲೋಮೀಟರ್ ಆಚೆಯಿಂದಲೂ ಕೇಳಿಸುತ್ತದೆ. ಮನೆಯಲ್ಲಿ ಕುಳಿತಾಗ ಓರ್ಕಾಸೌಂಡ್ ಎಂಬ ಜಾಲದ ಮೂಲಕ ನೀರಿನಡಿಯ ಮೈಕುಗಳಿಂದ ಬರುವ ಕೂಗುಗಳನ್ನು ನೇರವಾಗಿ ಕೇಳಲೂಬಹುದು. ಇದನ್ನು ಶಿವಮೊಗ್ಗದಿಂದಲೂ ಕೇಳಬಹುದೆಂದು ನಿಮ್ಮ ತಂದೆಗೆ ತಿಳಿಸಿ.

ಕರ್ನಾಟಕದ ಕಡಲಿನ ಬಗ್ಗೆ ಅವರು ಕೇಳಿರುವ ಪ್ರಶ್ನೆ ಒಳ್ಳೆಯದು. ಓರ್ಕಾ ಭೂಮಿಯ ಎಲ್ಲ ಸಾಗರಗಳಲ್ಲೂ ಇದೆ, ಅರಬ್ಬಿ ಸಮುದ್ರವೂ ಇದಕ್ಕೆ ಹೊರತಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಅವು ದೊಡ್ಡ ತಿಮಿಂಗಿಲಗಳ ಮೇಲೆರಗಿದ್ದನ್ನೂ ಜನ ಕಂಡಿದ್ದಾರೆ. ಆದರೆ ನಮ್ಮ ಬೆಚ್ಚನೆಯ ನೀರಿನಲ್ಲಿ ಸಾಲ್ಮನ್ ನದಿಗಳಂತೆ, ಸೀಲ್ ಬಂಡೆಗಳಂತೆ ವರ್ಷವರ್ಷವೂ ಒಂದೇ ಜಾಗದಲ್ಲಿ ರಾಶಿಯಾಗಿ ಸಿಗುವ ಆಹಾರ ಅವಕ್ಕಿಲ್ಲ. ಹೀಗಾಗಿ ಅವು ವಿಸ್ತಾರವಾಗಿ ಅಲೆಯುತ್ತವೆ, ಅಪರೂಪಕ್ಕೆ ಕಾಣುತ್ತವೆ, ಅವುಗಳಿಗೊಂದು ಋತುವನ್ನು ಹೇಳಲಾಗದು. ಜಗತ್ತಿನಲ್ಲಿ ಓರ್ಕಾ ಋತು ಇರುವ ಕಡೆಗಳಲ್ಲೆಲ್ಲ ಅಂಥ ಆಹಾರವಿದೆ: ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಮಾರ್ಚ್ ಏಪ್ರಿಲ್ ಹೊತ್ತಿಗೆ ಈಜು ಕಲಿಯುವ ಕಡಲಸಿಂಹದ ಮರಿಗಳು, ಉತ್ತರ ನಾರ್ವೆಯಲ್ಲಿ ಚಳಿಗಾಲದ ಹೆರಿಂಗ್ ಮೀನು, ಮಾಂಟೆರೇಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ತಾಯಿಯೊಡನೆ ಉತ್ತರಕ್ಕೆ ಸಾಗುವ ಬೂದು ತಿಮಿಂಗಿಲದ ಮರಿಗಳು. ನಿಮ್ಮ ತಂದೆಗೆ ಕಡಲ ಸಸ್ತನಿಗಳಲ್ಲಿ ಆಸಕ್ತಿ ಇದ್ದರೆ ಕಾರವಾರದ ಕೊಲ್ಲಿಯಲ್ಲಿ ದಡಕ್ಕೆ ತೀರ ಹತ್ತಿರ ಸುಳಿದಾಡುವ ಗೂನುಬೆನ್ನಿನ ಡಾಲ್ಫಿನ್‌ಗಳನ್ನು ಮಳೆಗಾಲ ಕಳೆದ ಮೇಲೆ ನೋಡಬಹುದು, ಅವೂ ಓರ್ಕಾದ ಕುಟುಂಬಕ್ಕೇ ಸೇರಿದವು.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಬಾರಿ ಫೆರಿಯಿಂದ ಓರ್ಕಾ ಕಂಡಾಗ ಸಮಯ, ಸ್ಥಳ, ಎಷ್ಟು ರೆಕ್ಕೆಗಳು, ಅವುಗಳಲ್ಲಿ ಎತ್ತರದ ಗಂಡು ರೆಕ್ಕೆಗಳೆಷ್ಟು, ಯಾವ ದಿಕ್ಕಿಗೆ ಹೋಗುತ್ತಿದ್ದವು ಎಂಬುದನ್ನು ಬರೆದುಕೊಂಡು ಓರ್ಕಾ ನೆಟ್‌ವರ್ಕ್‌ಗೆ ಕೂಡಲೇ ತಿಳಿಸಿ. ಫೋನಿನ ಚಿತ್ರ ಮಸುಕಾಗಿದ್ದರೂ ಚಿಂತೆಯಿಲ್ಲ, ಎಡಬದಿಯ ಬೂದು ಮಚ್ಚೆಯೂ ರೆಕ್ಕೆಯೂ ಒಂದೇ ಚಿತ್ರದಲ್ಲಿದ್ದರೆ ಬಲ್ಲವರು ಆ ಪ್ರಾಣಿಯ ಸಂಖ್ಯೆಯನ್ನೂ ಅದರ ತಾಯಿಯ ಸಂಖ್ಯೆಯನ್ನೂ ಹೇಳಬಲ್ಲರು. ಇಂತಹ ವರದಿಗಳು ಸಕಾಲಕ್ಕೆ ಸಿಕ್ಕಿದರೆ ಆ ದಾರಿಯಲ್ಲಿ ಬರುವ ಹಡಗುಗಳಿಗೆ ಮುನ್ಸೂಚನೆ ಕೊಟ್ಟು ವೇಗ ತಗ್ಗಿಸುವಂತೆ ಹೇಳಲೂ ಸಾಧ್ಯವಾಗುತ್ತದೆ.